ಜಾರುವ ಚಕ್ರಕ್ಕೆ ಇನ್ನಷ್ಟು ಉಗಿ ಬೇಡ

ಅಕ್ಟೋಬರ್ ಬಂತೆಂದರೆ ನನ್ನ ವರ್ಕ್‌ಶಾಪಿಗೆ 'ಶಕ್ತಿ ಕುಂದಿದ' ಎಂಜಿನ್‌ಗಳು ಸಾಲುಗಟ್ಟಿ ಬರುತ್ತವೆ. ಇಂಗ್ಲೆಂಡಿನಲ್ಲಿ, ಎರಡು ಕಂಬಿಗಳ ನಡುವೆ ಐದೇ ಇಂಚು ಅಂತರವಿರುವ ಹಳಿಯ ಮೇಲೆ ಓಡುವ ಪುಟ್ಟ ಉಗಿ ಎಂಜಿನ್‌ಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಗಾತ್ರ ನೋಡಿ ಆಟಿಕೆ ಎನ್ನಬೇಡಿ. ಕಲ್ಲಿದ್ದಲು ಉರಿಸಿ, ಹಿಂದಿನ ಗಾಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ನಾಲ್ಕೈದು ಜನರನ್ನು ಎಳೆಯುತ್ತವೆ.

ದೂರು ಪ್ರತಿ ವರ್ಷ ಒಂದೇ. ಬೇಸಿಗೆಯಿಡೀ ಚೆನ್ನಾಗಿ ಎಳೆಯಿತು, ಈಗ ಏರು ಹತ್ತುತ್ತಿಲ್ಲ, ಪಿಸ್ಟನ್ ರಿಂಗ್ (ಉಗಿ ಸೋರದಂತೆ ತಡೆಯುವ ಬಳೆ) ಸವೆದಿರಬೇಕು, ಬಿಚ್ಚಿ ನೋಡಿ. ಬಿಚ್ಚಿದರೆ ರಿಂಗ್ ಗಟ್ಟಿಮುಟ್ಟಾಗಿರುತ್ತದೆ. ಬಿಚ್ಚಿದ ಕೂಲಿ ನನಗೆ ಸಿಗುತ್ತದೆ, ನಿಜ. ಆದರೂ ಸಿಟ್ಟು ಬರುತ್ತದೆ. ನಿಂತಲ್ಲೇ ಚಕ್ರ ಗಿರ್ರನೆ ತಿರುಗುವಷ್ಟು ಶಕ್ತಿಯಿರುವ ಎಂಜಿನ್ನಿಗೆ ಶಕ್ತಿ ಸಾಲದು ಎನ್ನುವುದು ಯಾವ ನ್ಯಾಯ? ಸಾಲದೆ ಬಂದಿರುವುದು ಹಿಡಿತ.

ಇದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ. 100 ಟನ್ನಿನ ಎಂಜಿನ್ ಒಂದನ್ನು ಎಲ್ಲ ಅಳತೆಯಲ್ಲೂ ಹನ್ನೆರಡನೆಯ ಒಂದು ಪಾಲಿಗೆ ಇಳಿಸಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ 1,728ನೆಯ ಒಂದು ಪಾಲಾಗುತ್ತದೆ, ಅಂದರೆ ಸುಮಾರು 58 ಕಿಲೋ. ಉಗಿ ತಳ್ಳುವ ಪಿಸ್ಟನ್ನಿನ ಮುಖದ ವಿಸ್ತೀರ್ಣ ಕುಗ್ಗುವುದು 144ನೆಯ ಒಂದು ಪಾಲಿಗೆ ಮಾತ್ರ. ದೊಡ್ಡದರಲ್ಲಿ ಚದರ ಇಂಚಿಗೆ 225 ಪೌಂಡ್ ಇದ್ದ ಒತ್ತಡವನ್ನು ಚಿಕ್ಕದರಲ್ಲಿ 90ಕ್ಕೆ ಇಳಿಸಿದರೂ, ತನ್ನ ತೂಕಕ್ಕೆ ಹೋಲಿಸಿದರೆ ಚಿಕ್ಕ ಎಂಜಿನ್ ಸುಮಾರು ಐದು ಪಟ್ಟು ಬಲಶಾಲಿ. ಒಣಗಿದ ಶುಭ್ರ ಉಕ್ಕಿನ ಹಳಿಯಲ್ಲಿ ಚಕ್ರಕ್ಕೆ ಸಿಗುವ ಹಿಡಿತ, ಅದರ ಮೇಲಿನ ಭಾರದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು. ಒದ್ದೆಯಾಗಿ ಜಿಡ್ಡುಗಟ್ಟಿದರೆ ಅದರರ್ಧ. ಈ ಕಾಲದಲ್ಲಿ ಉದುರಿ ಚಕ್ರದಡಿ ಅರೆದ ಎಲೆಯ ಲೋಳೆ ಮೆತ್ತಿದ್ದರೆ ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಬಹುದು. ಹಳಿ, ಏರು, ಭಾರ ನೋಡದೆ ನಿಮ್ಮ ಎಂಜಿನ್ ಬಗ್ಗೆ ಇಷ್ಟೇ ಎಂದು ನಾನು ಬರೆದುಕೊಡುವುದಿಲ್ಲ. ಆದರೆ ರೆಗ್ಯುಲೇಟರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವ ಸನ್ನೆ, ಪೂರ್ತಿ ತೆರೆದರೆ ಒಣ ಹಳಿಯಲ್ಲೂ ಜಾರುವಷ್ಟು ಬಲ ಅದರಲ್ಲಿದೆ ಎನ್ನುವುದನ್ನು ಧೈರ್ಯವಾಗಿ ಹೇಳಬಲ್ಲೆ.

ಒಮ್ಮೆ ಜಾರಲು ಶುರುವಾದರೆ ಇದ್ದ ಹಿಡಿತವೂ ಇನ್ನಷ್ಟು ಕಡಿಮೆಯಾಗುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ತೀರ್ಥಹಳ್ಳಿಯ ಕಡೆ ನಾನು ಹುಡುಗನಾಗಿದ್ದಾಗ ಕೆಸರಿನಲ್ಲಿ ಲಾರಿ ಹೂತರೆ ಮೊದಲು ಕೆಳಗೆ ಹಾರುತ್ತಿದ್ದವನು ಕ್ಲೀನರ್. ಕಂಕುಳಲ್ಲಿ ಅಡಿಕೆ ಸೋಗೆ, ಬಾಯಲ್ಲಿ "ಆಕ್ಸಿಲರೇಟರ್ ಬಿಡಿ ಅಣ್ಣಾ, ಬಿಡಿ!" ಎಂಬ ಕೂಗು. ಆ ಹುಡುಗನಿಗೆ ಗೊತ್ತಿದ್ದದ್ದು ನನ್ನ ಗಿರಾಕಿಗಳಿಗೆ ಗೊತ್ತಿಲ್ಲ.

ಕಳೆದ ವರ್ಷ ಒಬ್ಬ ನಿವೃತ್ತ ಲೆಕ್ಕಿಗರು ಒಂದೇ ಎಂಜಿನ್ನನ್ನು ಎರಡು ಸಲ ಹೊತ್ತು ತಂದರು. ಕೊನೆಗೆ ನಾನೇ ಅವರ ಜೊತೆ ಹಳಿಯ ಬಳಿಗೆ ಹೋದೆ. ಓಕ್ ಮರಗಳ ಕೆಳಗಿನ ಏರು, ಬೆಳಗಿನ ಇಬ್ಬನಿ. ಚಕ್ರ ಜಾರಿತು, ಅವರು ರೆಗ್ಯುಲೇಟರನ್ನು ಇನ್ನಷ್ಟು ಎಳೆದರು. ಬಳಸಿದ ಉಗಿ ಚಿಮಣಿಯಿಂದ ನುಗ್ಗಿದ ಸೆಳೆತಕ್ಕೆ ಬೆಂಕಿ ಕಿತ್ತುಕೊಂಡು ಕಿಡಿಕಿಡಿಯಾಗಿ ಹಾರಿತು. ಅದರ ಹಿಂದೆಯೇ ಬಾಯ್ಲರಿನ ನೀರು ಚಿಮಣಿಯಿಂದ ಕಪ್ಪಗೆ ಚಿಮ್ಮಿ ನನ್ನ ಅಂಗಿಯ ಮೇಲೆ ಬಿತ್ತು.

"ಮುಚ್ಚಿ" ಎಂದೆ.

"ಮುಚ್ಚಿದರೆ ನಿಂತುಹೋಗುತ್ತದಲ್ಲ?"

"ಈಗೇನು ಓಡುತ್ತಿದೆಯೇ?"

ಮುಚ್ಚಿದರು. ಕೊಳವೆಯಲ್ಲಿ ಉಳಿದ ಉಗಿ ಖರ್ಚಾಗುವವರೆಗೆ ಚಕ್ರ ಇನ್ನೆರಡು ಸುತ್ತು ಜಾರಿ ಕಚ್ಚಿಕೊಂಡಿತು. ರಿವರ್ಸರನ್ನು (ಎಂಜಿನ್ ಮುಂದಕ್ಕೋ ಹಿಂದಕ್ಕೋ ಎಂದು ನಿರ್ಧರಿಸುವ ಸನ್ನೆ) ಪೂರ್ತಿ ಮುಂದಿಟ್ಟು, ರೆಗ್ಯುಲೇಟರನ್ನು ಕೂದಲೆಳೆಯಷ್ಟೇ ತೆರೆಸಿದೆ. ಮುದುಕ ಮೆಟ್ಟಿಲು ಹತ್ತಿದ ಹಾಗೆ ಎಂಜಿನ್ ಮೇಲೇರಿತು.

ಜೋರು ಮಳೆ ಅಷ್ಟೇನೂ ಕೆಟ್ಟದ್ದಲ್ಲ, ಹಳಿ ತೊಳೆದು ಹೋಗುತ್ತದೆ. ಸೋನೆಯನ್ನೂ ಇಬ್ಬನಿಯನ್ನೂ ನಂಬಬಾರದು. ತುಕ್ಕು, ಎಣ್ಣೆ, ಧೂಳಿನ ಜೊತೆ ಕಲಸಿ ತೆಳ್ಳನೆಯ ಲೋಳೆ ಮಾಡಿಬಿಡುತ್ತವೆ. ಆ ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲರೂ ಹಿಂದಿನ ಎಂಜಿನ್ನಿನವನತ್ತ ಬೆರಳು ತೋರಿಸುತ್ತಾರೆ. ಸಿಲಿಂಡರಿಗೆ ಅತಿಯಾಗಿ ಎಣ್ಣೆ ಉಣಿಸಿದರೆ ಅದು ಚಿಮಣಿಯಿಂದ ತುಂತುರಾಗಿ ನಿಮ್ಮದೇ ಹಳಿಯ ಮೇಲೆ ಬೀಳುತ್ತದೆ.

ಇನ್ನು ಹಿಡಿತಕ್ಕೆಂದು ಹಾಕುವ ಮರಳು. ಡಾರ್ಜಿಲಿಂಗ್ ರೈಲಿನ ಬಿ ವರ್ಗದ ಉಗಿ ಎಂಜಿನ್ನಿನ ಮುಂದೆ ಇಬ್ಬರು ಕುಳಿತು ಕೈಯಿಂದ ಹಳಿಗೆ ಮರಳು ಎರಚುವ ಚಿತ್ರ ತೋರಿಸಿ, ನಮಗೇಕೆ ಬೇಡ ಎಂದು ಗಿರಾಕಿಗಳು ಕೇಳುತ್ತಾರೆ. ಅದು ಎರಡು ಅಡಿ ಅಗಲದ ಹಳಿ. ನಿಮ್ಮ ಎಂಜಿನ್ನಿನಲ್ಲಿ ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲವೂ ಹಳಿಯಿಂದ ಗೇಣು ದೂರದೊಳಗಿವೆ. ಎರಚಿದ ಮರಳು ಮೊದಲು ಸೇರುವುದು ಅಲ್ಲಿಗೇ, ಆಮೇಲೆ ನನ್ನ ಬಿಲ್ಲಿಗೆ. ಹಳೆಯ ಟವೆಲ್ಲಿನಿಂದ ಏರಿನ ಹಳಿ ಒರೆಸಿ, ಸಾಕು. ಅಲ್ಯೂಮಿನಿಯಂ ಹಳಿಯಾದರೆ ಒರೆಸಿದ ಬಟ್ಟೆ ಮಸಿಯಂತೆ ಕಪ್ಪಾಗುತ್ತದೆ, ಗಾಬರಿ ಬೇಡ.

ಲೆಕ್ಕಿಗರು ಈಗ ಮನೆಯ ಟವೆಲ್‌ಗಳನ್ನೆಲ್ಲ ಹಳಿಗೆ ಅರ್ಪಿಸಿದ್ದಾರಂತೆ, ಹೆಂಡತಿ ಮುನಿಸಿಕೊಂಡಿದ್ದಾರೆ. ಏರು ಸಲೀಸಾಗಿ ಹತ್ತುತ್ತಾರೆ. ಮೊನ್ನೆ ಫೋನ್ ಮಾಡಿದ್ದರು: ಅದೇ ಏರನ್ನು ಇಳಿಯುವಾಗ ಬ್ರೇಕ್ ಬಲವಾಗಿ ಹಾಕಿದರೆ ಚಕ್ರ ನಿಲ್ಲುತ್ತದೆ, ಎಂಜಿನ್ ಮಾತ್ರ ಜಾರಿಕೊಂಡು ಮುಂದೆ ಹೋಗುತ್ತದೆ, ಬ್ರೇಕ್ ಕೆಟ್ಟಿರಬೇಕು, ಬಿಚ್ಚಿ ನೋಡುತ್ತೀರಾ?