ನಮ್ಮದೇ ರಕ್ತ ಮುಖಕ್ಕೆ ಚುಚ್ಚಿಸಿಕೊಂಡ್ರೆ ಸುಕ್ಕು ಹೋಗುತ್ತಾ?

ಓದುಗರ ಪ್ರಶ್ನೆ: ನನಗ 49 ವರ್ಷ. ಬ್ಯಾಡಗಿಯಾಕಿ. ಬಾಳ ವರ್ಷ ಮೆಣಸಿನಕಾಯಿ ಕಣದಾಗ ಕೆಲಸ ಮಾಡೀನಿ. ಈಗ ಎರಡು ವರ್ಷದಿಂದ ಮುಖ ಒಮ್ಮಿಗೇ ಜೋತು ಬಿದ್ದಂಗ ಕಾಣತೈತಿ. ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಾಗ ಪಿಆರ್‌ಪಿ ಮೂರು ಸಲ ಮಾಡಿಸ್ರಿ, ಆಮ್ಯಾಲೆ ಸ್ಟೆಮ್ ಸೆಲ್ ಕೊಡ್ತೀವಿ, ಹತ್ತು ವರ್ಷ ಸಣ್ಣವರಾಗಿ ಕಾಣ್ತೀರಿ ಅಂದ್ರು. ಮೂರು ತಿಂಗಳಿಗೆ ಮಗಳ ಮದುವಿ ಐತಿ. ಮಾಡಿಸ್ಲೇನ್ರಿ?

ಅಕ್ಕಾರ, ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಬಳೆ ಸ್ವಲ್ಪ ಮೇಲೆ ಸರಿಸಿ, ಮುಂಗೈಯ ಹೊರಭಾಗ ನೋಡಿ. ಆಮೇಲೆ ಕುಪ್ಪಸದ ತೋಳಿನೊಳಗೆ ಮುಚ್ಚಿಕೊಂಡಿರುವ ಚರ್ಮ ನೋಡಿ. ಎರಡಕ್ಕೂ ವಯಸ್ಸು 49 ತಾನೇ? ಆದರೂ ಮುಚ್ಚಿದ ಜಾಗ ನುಣುಪಾಗಿದೆ. ಹೊರಗಿನದು ಒರಟಾಗಿದೆ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿದೆ. ಆ ವ್ಯತ್ಯಾಸ ಮಾಡಿದ್ದು ಬಹುಪಾಲು ಬಿಸಿಲು. ಮುಖಕ್ಕೂ ಆಗಿದ್ದು ಇದೇ.

ಚರ್ಮದ ಒಳಪದರದಲ್ಲಿ ಕೊಲಾಜನ್ ಅನ್ನುವ ನಾರು ಇರುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಅದೇ. ಬಿಸಿಲಿನ ಕಿರಣ ಆ ನಾರನ್ನು ತುಂಡು ಮಾಡುತ್ತದೆ. ಅದರ ಜೊತೆ ಮುಟ್ಟು ನಿಂತ ಮೇಲಿನ ಮೊದಲ 5 ವರ್ಷಗಳಲ್ಲಿ ಸುಮಾರು ಶೇ. 30ರಷ್ಟು ಕೊಲಾಜನ್ ಕಡಿಮೆ ಆಗುತ್ತದೆ. ನಿಮ್ಮ ಮುಖ 'ಒಮ್ಮಿಗೇ' ಬದಲಾದಂತೆ ಅನ್ನಿಸುವುದಕ್ಕೆ ಇದೂ ಕಾರಣ ಇರಬಹುದು. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ.

ಈಗ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾದ ವಿಷಯ. ಕೈಯಿಂದ 10-20 ಎಂಎಲ್ ರಕ್ತ ತೆಗೆಯುತ್ತಾರೆ. ಅದನ್ನು ಯಂತ್ರದಲ್ಲಿ ಇಟ್ಟು ಗರಗರ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಕೊಳವೆಯ ತಳದಲ್ಲಿ ಕೆಂಪು ರಕ್ತ ಕೂತಿರುತ್ತದೆ. ಅದರ ಮೇಲೆ ಬೆಳ್ಳಗೆ ತೆಳ್ಳನೆಯ ಒಂದು ಗೆರೆ. ಅದಕ್ಕೂ ಮೇಲೆ ಕುಸುಬಿ ಎಣ್ಣೆಯಂಥ ತಿಳಿ ಹಳದಿ ನೀರು, ಅದೇ ಪ್ಲಾಸ್ಮಾ. ಆ ಬಿಳಿ ಗೆರೆಯ ಅಕ್ಕಪಕ್ಕ ಪ್ಲೇಟ್‌ಲೆಟ್‌ಗಳು ಜಾಸ್ತಿ ಇರುತ್ತವೆ. ಅವನ್ನು ಒಟ್ಟುಮಾಡಿ, ಮುಖಕ್ಕೆ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ.

ಯಾಕೆ ಪ್ಲೇಟ್‌ಲೆಟ್? ಈಳಿಗೆಮಣೆ ಮೇಲೆ ಬೆರಳು ಕೊಯ್ದುಕೊಂಡರೆ ಮೊದಲು ಓಡಿಬರುವುದು ಅವೇ. ಬಂದು ರಕ್ತ ನಿಲ್ಲಿಸುತ್ತವೆ. ಅಷ್ಟೇ ಅಲ್ಲ, 'ಇಲ್ಲಿ ರಿಪೇರಿ ಮಾಡಬೇಕು' ಅಂತ ಸುತ್ತಲಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಗಾಯ ಇಲ್ಲದ ಕಡೆಗೂ ಆ ಸುದ್ದಿ ಮುಟ್ಟಿಸಿದರೆ ಹೊಸ ಕೊಲಾಜನ್ ಹುಟ್ಟಬಹುದು ಅನ್ನುವುದು ಇದರ ಹಿಂದಿನ ವಿಚಾರ. ವಿಚಾರ ಚೆನ್ನಾಗಿದೆ. ಫಲ ಎಷ್ಟು ಸಿಗುತ್ತದೆ ಅನ್ನುವುದೇ ಪ್ರಶ್ನೆ.

2018ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ಒಬ್ಬೊಬ್ಬರಿಗೂ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಸಲೈನ್ ನೀರು ಕೊಟ್ಟಿದ್ದರು, ಅದೂ ಒಂದೇ ಸಲ. ಯಾವ ಕೆನ್ನೆಗೆ ಯಾವುದು ಅಂತ ಅವರಿಗೆ ಹೇಳಿರಲಿಲ್ಲ. 6 ತಿಂಗಳ ನಂತರ ಪಿಆರ್‌ಪಿ ಕೆನ್ನೆ ನಯವಾಗಿದೆ ಅಂತ ಅವರಿಗೇ ಅನ್ನಿಸಿತು. ಆದರೆ ಅಳೆದು ನೋಡಿದ ಡಾಕ್ಟರುಗಳಿಗೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ನನ್ನ ಅಭಿಪ್ರಾಯವೂ ಇದಕ್ಕೆ ಹತ್ತಿರ. ಚರ್ಮ ಸ್ವಲ್ಪ ನಯವಾದೀತು, ಸಣ್ಣ ಗೆರೆ ಮಸುಕಾದೀತು. ಜೋತು ಬಿದ್ದ ಕೆನ್ನೆ ಮೇಲೆ ಏಳುವುದಿಲ್ಲ. ಹತ್ತು ವರ್ಷದ ಮಾತು ಸುಳ್ಳು.

ಮಾಡಿಸಲೇಬೇಕು ಅನ್ನಿಸಿದರೆ ಚರ್ಮದ ಡಾಕ್ಟರ ಹತ್ತಿರವೇ ಮಾಡಿಸಿ, ಬ್ಯೂಟಿ ಪಾರ್ಲರಿನಲ್ಲಿ ಬೇಡ. ಸೂಜಿಯ ಪಾಕೀಟು ನಿಮ್ಮ ಕಣ್ಣೆದುರೇ ಒಡೆಯಲಿ. ಕೊಳವೆ ಮೇಲೆ ನಿಮ್ಮ ಹೆಸರು ಬರೆದಿದ್ದಾರಾ ನೋಡಿ. ಕೇಳಲು ಸಂಕೋಚ ಬೇಡ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಹೀಗೆ ಮುಖಕ್ಕೆ ಸೂಜಿ ಹಾಕಿಸಿಕೊಂಡ ಹೆಂಗಸರಿಗೆ ಎಚ್‌ಐವಿ ತಗುಲಿತು. ವಿಷಯ 2018ರಲ್ಲಿ ಬಯಲಿಗೆ ಬಂತು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳುವಾಗುವ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಹಾರ್ಟಿಗೆ ಅಂತ ಕೊಟ್ಟ ಆಸ್ಪಿರಿನ್ ಇದ್ದರೂ ಹೇಳಿ. ಈ ಚಿಕಿತ್ಸೆಗೋಸ್ಕರ ಆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಮಾತ್ರ ಬೇಡವೇ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನೋಡಿದರೆ, ರಕ್ತದ ಕೆಲವು ಕಾಯಿಲೆಗಳಂಥ ನಿಗದಿಯಾದ ತೊಂದರೆಗಳಿಗೆ ಮಾತ್ರ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಬಹುದು. ಉಳಿದಿದ್ದಕ್ಕೆಲ್ಲ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು. ಮುಖದ ಸುಕ್ಕು ಆ ಪಟ್ಟಿಯಲ್ಲಿ ಇಲ್ಲ. ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಅಂತ ಇನ್ನೊಂದು ಹೆಸರು ಹೇಳುತ್ತಾರೆ. ಅದರ ಇಂಜೆಕ್ಷನ್ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಜನರನ್ನು ಎಚ್ಚರಿಸಿದೆ. 'ಸೇಬಿನ ಸ್ಟೆಮ್ ಸೆಲ್' ಅಂತ ಬರೆದ ಕ್ರೀಮಿನ ಡಬ್ಬಿಯಲ್ಲಿ ಜೀವಂತ ಕೋಶ ಇರುವುದಿಲ್ಲ. ಇರುವುದು ಗಿಡದ ಸಾರ.

ಹಾಗಾದ್ರೆ ಏನು ಮಾಡೋದು? ಆಸ್ಟ್ರೇಲಿಯಾದ ನ್ಯಾಂಬರ್ ಊರಿನಲ್ಲಿ ನಾಲ್ಕೂವರೆ ವರ್ಷ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2013ರಲ್ಲಿ ಬಂತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಜಾಸ್ತಿ ಇರುವುದು ತಗೊಳ್ಳಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿಕೊಳ್ಳಿ. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಹಚ್ಚಬೇಕು, ಚರ್ಮ ಸುಕ್ಕಾಗಿಸುವ ಯುವಿಎ ಕಿರಣ ಗಾಜು ದಾಟಿ ಬರುತ್ತದೆ. ಕಣದಲ್ಲಿ ತಲೆ ಮೇಲೆ ಸೆರಗು, ಒಂದು ಛತ್ರಿ ಇರಲಿ.

ರಾತ್ರಿಗೆ ಟ್ರೆಟಿನಾಯಿನ್ ಕ್ರೀಮ್. ಬಿಸಿಲಿಗೆ ಹಾಳಾದ ಚರ್ಮಕ್ಕೆ ಹಚ್ಚುವ ಔಷಧಿಗಳಲ್ಲಿ ಅತಿ ಹೆಚ್ಚು ಪರೀಕ್ಷೆಯಾಗಿರುವುದು ಇದು. ಒಂದು ಬಟಾಣಿ ಕಾಳಿನಷ್ಟು ಸಾಕು, ಮೊದಲು ಎರಡು ದಿನಕ್ಕೊಮ್ಮೆ. ಆರಂಭದಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಗಾಬರಿ ಬೇಡ. ಆದರೆ ಡಾಕ್ಟರ ಚೀಟಿ ಇಲ್ಲದೆ ಔಷಧಿ ಅಂಗಡಿಗೆ ಹೋಗಬೇಡಿ. ಎಷ್ಟೋ ಸಲ ಅಲ್ಲಿ ಸ್ಟೆರಾಯ್ಡ್ ಬೆರೆಸಿದ ಟ್ಯೂಬ್ ಕೈಗೆ ಕೊಡುತ್ತಾರೆ. ಮೊದಲ ವಾರ ಮುಖ ಬೆಳ್ಳಗಾಗುತ್ತದೆ, ಸಂತೋಷ ಆಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಾಣಿಸಿ, ಒಲೆ ಮುಂದೆ ಕೂತರೂ ಉರಿಯುತ್ತದೆ. ಅಂಥ ಮುಖ ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಹಾವೇರಿಯ ಸರ್ಕಾರಿ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೋ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ ಬರೆಸಿಕೊಳ್ಳಿ.

ಮದುವೆಗೆ ಮೂರು ತಿಂಗಳು ಅಂದಿರಿ. ಪಿಆರ್‌ಪಿಯನ್ನು ತಿಂಗಳಿಗೊಂದರಂತೆ ಮಾಡಿಸಿದರೆ ಅಷ್ಟೂ ದಿನ ಅದಕ್ಕೇ ಹೋಗುತ್ತದೆ. ಕೊಲಾಜನ್ ಹುಟ್ಟುವುದು ಇನ್ನೂ ತಡ. ಮದುವೆ ಫೋಟೋದಲ್ಲಿ ಅದು ಕಾಣುವುದಿಲ್ಲ, ಆ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಡಾಕ್ಟರು ಬರೆದುಕೊಟ್ಟ ಕೂಡಲೇ ಕ್ರೀಮ್ ಶುರು ಮಾಡಿದರೆ ಅಷ್ಟೊತ್ತಿಗೆ ಮುಖ ಸ್ವಲ್ಪ ತಿಳಿಯಾಗಿರುತ್ತದೆ. ಹುಬ್ಬಿಗೆ, ಮೇಲ್ತುಟಿಗೆ ಥ್ರೆಡ್ಡಿಂಗ್ ಮಾಡಿಸುವ ಒಂದು ವಾರ ಮುಂಚೆ ಮಾತ್ರ ಟ್ರೆಟಿನಾಯಿನ್ ನಿಲ್ಲಿಸಿ. ಇಲ್ಲದಿದ್ದರೆ ದಾರದ ಜೊತೆ ಚರ್ಮವೂ ಕಿತ್ತು ಬಂದು, ಅರಿಷಿಣ ಹಚ್ಚುವ ದಿನ ಉರಿಯುತ್ತದೆ.