ಹೋಗಿ ಮಲಗಿಕೋ ಅಂದ ಮುದುಕ: 1 ಸಮುವೇಲ 3ರ ಟಿಪ್ಪಣಿ

ಮುಂಬೈಯ ಮುಲುಂಡ್‌ನ ನಮ್ಮ ಕನ್ನಡ ಮನೆಕೂಟದಲ್ಲಿ ಈ ತಿಂಗಳು ಒಂದೇ ವಿಷಯ ಓದುತ್ತಿದ್ದೇವೆ. ಹಿರಿಯರು ಕಿರಿಯರನ್ನು ನಂಬಿಕೆಯಲ್ಲಿ ಹೇಗೆ ಬೆಳೆಸಿದರು? ಕೂಟಕ್ಕೆ ಬರುವ ಯೌವನಸ್ಥರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಸತ್ಯವೇದದ ಕನ್ನಡ ಬಂದರೆ ತಡವರಿಸುತ್ತಾರೆ. ಅವರಿಗೆ ಸುಲಭ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಸತ್ಯವೇದ ತೆರೆದಿಟ್ಟುಕೊಂಡೇ ಓದಿ.

ಮೊದಲು 1 ಸಮುವೇಲ 3:1-10. ಸಮುವೇಲ ಇನ್ನೂ ಹುಡುಗ. ದೇವರ ಆಲಯವಿದ್ದ ಶಿಲೋವಿನಲ್ಲಿ ಯಾಜಕ ಏಲಿಯ ಕೈಕೆಳಗೆ ಸೇವೆ ಮಾಡುತ್ತಿದ್ದಾನೆ. ಏಲಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ರಾತ್ರಿ ಯಾರೋ ಹುಡುಗನ ಹೆಸರು ಹಿಡಿದು ಕರೆಯುತ್ತಾರೆ. ಅವನು ಏಲಿಯ ಹತ್ತಿರ ಓಡುತ್ತಾನೆ. ‘ನಾನು ಕರೆಯಲಿಲ್ಲ, ಹೋಗಿ ಮಲಗಿಕೋ’ ಅನ್ನುತ್ತಾನೆ ಏಲಿ. ಇನ್ನೊಮ್ಮೆ ಅದೇ. ಮೂರನೇ ಸಲ ಹುಡುಗ ಬಂದಾಗ ಏಲಿಗೆ ಗೊತ್ತಾಗುತ್ತದೆ, ಕರೆಯುತ್ತಿರುವವನು ಯೆಹೋವನು, ಅಂದರೆ ದೇವರು.

7ನೇ ವಚನಕ್ಕೆ ಗೆರೆ ಎಳೆಯಿರಿ. ಸಮುವೇಲನಿಗೆ ಆಗ ಯೆಹೋವನ ಪರಿಚಯವೇ ಇರಲಿಲ್ಲ. ದೇವರ ಆಲಯದಲ್ಲೇ ಮಲಗುತ್ತಿದ್ದ, ದೀಪ ಅಲ್ಲೇ ಉರಿಯುತ್ತಿತ್ತು, ಆದರೂ ಪರಿಚಯವಿಲ್ಲ. ಚಿಕ್ಕಂದಿನಿಂದ ಸಂಡೇ ಸ್ಕೂಲಿಗೆ ಹೋದ ನಮಗೆ ಇದು ಅರ್ಥವಾಗುತ್ತದೆ, ಅಲ್ವಾ?

ಈಗ ಏಲಿ ಏನು ಮಾಡಲಿಲ್ಲ ಅಂತ ನೋಡಿ. ನಡುರಾತ್ರಿ ಮೂರು ಸಲ ಎಬ್ಬಿಸಿದ್ದಕ್ಕೆ ಗದರಲಿಲ್ಲ. ‘ನೀನು ಇಲ್ಲೇ ಇರು, ನಾನು ಕೇಳಿಕೊಂಡು ಬಂದು ಹೇಳುತ್ತೇನೆ’ ಅನ್ನಲಿಲ್ಲ. ಜೊತೆಗೆ ಎದ್ದೂ ಹೋಗಲಿಲ್ಲ. ಒಂದು ಮಾತು ಹೇಳಿಕೊಟ್ಟ: ಕರೆದರೆ ‘ಯೆಹೋವನೇ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದಾನೆ’ ಅನ್ನು. ಅಷ್ಟೇ. ಹುಡುಗನನ್ನು ಅವನ ಜಾಗಕ್ಕೇ ವಾಪಸ್ ಕಳಿಸಿದ. ಆ ಸ್ವರ ಏಲಿಯ ಕಿವಿಗೆ ಬೀಳಲೇ ಇಲ್ಲ. ಆದರೂ ಅದು ಯಾರದು ಅಂತ ಗುರುತು ಹಿಡಿದವನು ಅವನೇ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ತಿರುಳು ಇದು. ಹಿರಿಯರು ನಮ್ಮ ಬದಲಿಗೆ ದೇವರ ಮಾತು ಕೇಳುವವರಲ್ಲ. ನಾವೇ ಕೇಳುವ ಹಾಗೆ ಮಾಡುವವರು.

ಒಂದು ಚಿಕ್ಕ ವಿಷಯ. 10ನೇ ವಚನದಲ್ಲಿ ಸಮುವೇಲ ಆ ಮಾತನ್ನು ಪೂರ್ತಿ ಹೇಳುವುದಿಲ್ಲ. ಹೀಬ್ರೂ ಮೂಲದಲ್ಲಿ ‘ಯೆಹೋವನೇ’ ಅನ್ನುವುದು ಬಿಟ್ಟುಹೋಗಿದೆ. ಹೆದರಿಕೆಯೋ ಏನೋ. ಪಾಠ ಅರ್ಧ ಒಪ್ಪಿಸಿದರೂ ದೇವರು ಮಾತಾಡಿದನು.

ನಾನು ಉಡುಪಿಯಿಂದ ಮುಂಬೈಗೆ ಬಂದ ಎರಡನೇ ವರ್ಷ ಆಫೀಸಿನಲ್ಲಿ ಸುಳ್ಳು ಬಿಲ್ಲುಗಳಿಗೆ ಸಹಿ ಹಾಕು ಅಂದರು. ಹಾಕದಿದ್ದರೆ ಕೆಲಸ ಹೋಗುತ್ತದೆ, ಹಾಕಿದರೆ ನಿದ್ದೆ ಬರುವುದಿಲ್ಲ. ನಮ್ಮ ಸಭೆಯಲ್ಲಿ ನರ್ಸ್ ಆಗಿ ನಿವೃತ್ತರಾದವರೊಬ್ಬರಿದ್ದಾರೆ, ನಾವೆಲ್ಲ ದೊಡ್ಡಮ್ಮ ಅಂತಲೇ ಕರೆಯುವುದು. ಅವರ ಮನೆಗೆ ಹೋದೆ. ಅವರು ನೆಲದ ಮೇಲೆ ಪೇಪರ್ ಹಾಸಿಕೊಂಡು ಬಸಳೆ ಬಿಡಿಸುತ್ತಿದ್ದರು. ಎಲೆ ಒಂದು ಕಡೆ, ದಂಟು ಒಂದು ಕಡೆ. ನನ್ನ ಮುಂದೆಯೂ ಒಂದು ಕಟ್ಟು ಇಟ್ಟರು. ‘ಮೊದಲಿನಿಂದ ಹೇಳು ಮಗಾ’ ಅಂದರು. ಹೇಳಿದೆ, ಕಣ್ಣೀರೂ ಬಂತು. ಎರಡು ಕಟ್ಟು ಮುಗಿಯುವವರೆಗೂ ಅವರು ನಡುವೆ ಬಾಯಿ ಹಾಕಲಿಲ್ಲ.

‘ಏನು ಮಾಡಲಿ ದೊಡ್ಡಮ್ಮ, ನೀವೇ ಹೇಳಿ’ ಅಂದೆ. ‘ನಿನಗೆ ಉತ್ತರ ಗೊತ್ತುಂಟು. ಹೆದರಿಕೆ ಆಗಿ ನನ್ನ ಹತ್ತಿರ ಓಡಿ ಬಂದದ್ದು. ಹೋಗಿ ಪ್ರಾರ್ಥನೆ ಮಾಡು. ಬುಧವಾರ ಪುನಃ ಬಾ’ ಅಂದರು. ಆ ರಾತ್ರಿ ಅವರ ಮೇಲೆ ಸಿಟ್ಟೇ ಬಂದಿತ್ತು. ಬುಧವಾರದೊಳಗೆ ನಾನು ಸಹಿ ಹಾಕುವುದಿಲ್ಲ ಅಂತ ಬರೆದುಕೊಟ್ಟಿದ್ದೆ. ಕೆಲಸ ಹೋಯಿತು. ಇನ್ನೊಂದು ಸಿಗಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳೂ ಪ್ರತಿ ಬುಧವಾರ ಊಟ ದೊಡ್ಡಮ್ಮನ ಮನೆಯಲ್ಲಿ. ಅವರೇ ‘ಸಹಿ ಹಾಕಬೇಡ’ ಅಂದಿದ್ದರೆ, ಎರಡನೇ ತಿಂಗಳಲ್ಲೇ ನಾನು ಅವರನ್ನು ದೂರುತ್ತಿದ್ದೆ.

ಈಗ 11ರಿಂದ 18. ಕೂಟದಲ್ಲಿ ಇದನ್ನು ಬಿಟ್ಟುಬಿಡುತ್ತೇವೆ, ಬಿಡಬಾರದು. ಸಮುವೇಲನಿಗೆ ಸಿಕ್ಕಿದ ಮೊದಲ ಸಂದೇಶ ಏಲಿಯ ಮನೆತನದ ಮೇಲೆ ಬರುವ ತೀರ್ಪು. ಮಕ್ಕಳು ಕೆಟ್ಟ ದಾರಿ ಹಿಡಿದದ್ದು ಗೊತ್ತಿದ್ದೂ ಏಲಿ ತಡೆಯಲಿಲ್ಲ. ಬೆಳಿಗ್ಗೆ ಹುಡುಗ ಎಂದಿನಂತೆ ಬಾಗಿಲು ತೆರೆಯುತ್ತಾನೆ, ಹೇಳಲು ಹೆದರುತ್ತಾನೆ. ಏಲಿಯೇ ಕರೆದು ಕೇಳುತ್ತಾನೆ, ಏನೂ ಮುಚ್ಚಿಡಬೇಡ ಅನ್ನುತ್ತಾನೆ. ಎಲ್ಲ ಕೇಳಿದ ಮೇಲೆ ಅವನ ಮಾತು ಇಷ್ಟೇ: ಆತನು ಯೆಹೋವನು, ಆತನಿಗೆ ಸರಿಕಂಡದ್ದನ್ನು ಮಾಡಲಿ. ತಾನು ಬೆಳೆಸಿದ ಹುಡುಗನ ಬಾಯಿಂದಲೇ ತನ್ನ ತಪ್ಪು ಕೇಳುವುದು ಎಷ್ಟು ಕಷ್ಟ! ಏಲಿ ತಂದೆಯಾಗಿ ಸೋತಿದ್ದ. ಆದರೂ ದೇವರು ಅವನ ಕೈಯಿಂದ ಸಮುವೇಲನನ್ನು ಬೆಳೆಸಿದನು. ‘ನನ್ನ ಮಕ್ಕಳೇ ಸಭೆಗೆ ಬರುವುದಿಲ್ಲ, ನಾನು ಬೇರೆಯವರಿಗೆ ಏನು ಹೇಳಲಿ’ ಅಂತ ಹಿಂದೆ ಕೂರುವ ಹಿರಿಯರಿಗೆ ಈ ಭಾಗವನ್ನು ದಯವಿಟ್ಟು ಓದಿ ಹೇಳಿ.

ಇದರ ಜೊತೆ ಅಪೊಸ್ತಲರ ಕೃತ್ಯಗಳು 18 ಓದಿಕೊಳ್ಳಿ. ಅಕ್ವಿಲ, ಪ್ರಿಸ್ಕಿಲ್ಲ ಗಂಡ ಹೆಂಡತಿ. ಯೆಹೂದ್ಯರೆಲ್ಲ ರೋಮ್ ಬಿಡಬೇಕು ಅಂತ ಕ್ಲೌದ್ಯ ಚಕ್ರವರ್ತಿ ಆಜ್ಞೆ ಮಾಡಿದಾಗ ಕೊರಿಂಥಕ್ಕೆ ಬಂದವರು. ಗುಡಾರ ಮಾಡುವುದು ಅವರ ಕಸುಬು. ಪರವೂರಿಗೆ ಬಂದು ದುಡಿದು ಬದುಕಿದವರು, ನಮ್ಮ ಅಪ್ಪ ಅಮ್ಮಂದಿರ ಹಾಗೆ. ಮುಂದೆ ಎಫೆಸದಲ್ಲಿ ಅಪೊಲ್ಲೋಸ ಅನ್ನುವವನ ಪ್ರಸಂಗ ಕೇಳುತ್ತಾರೆ. ಒಳ್ಳೆಯ ಮಾತುಗಾರ, ಶಾಸ್ತ್ರ ಬಲ್ಲವನು, ಆದರೆ ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಯೋಹಾನನ ದೀಕ್ಷಾಸ್ನಾನದ ತನಕ ಮಾತ್ರ ಗೊತ್ತು. ಅವನನ್ನು ಎಲ್ಲರೆದುರು ತಿದ್ದಲಿಲ್ಲ. ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು (26). ಅಪೊಲ್ಲೋಸನೂ ತನಗೆ ಎಲ್ಲ ಗೊತ್ತು ಅಂತ ಕೂರಲಿಲ್ಲ.

ತೀತನಿಗೆ ಬರೆದ ಪತ್ರದಲ್ಲಿ (ತೀತ 2:3-5) ಹಿರಿಯ ಹೆಂಗಸರು ಕಿರಿಯರಿಗೆ ಕಲಿಸಲಿ ಅಂತ ಪೌಲ ಬರೆಯುತ್ತಾನೆ. ಕಲಿಸುವ ಮೊದಲು ಅವರ ನಡತೆಯ ಮಾತು ಬರುತ್ತದೆ, ಆ ಕ್ರಮ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ‘ದೇವರು ನಿನ್ನ ವಿಷಯ ನನಗೆ ಹೇಳಿದ್ದಾನೆ, ಸುಮ್ನೆ ನಾನು ಹೇಳಿದ ಹಾಗೆ ಮಾಡು’ ಅನ್ನುವ ಹಿರಿಯರು ಸಿಕ್ಕಿದರೆ, ಅಥವಾ ನಮ್ಮ ಮಾತು ಮನೆಯವರಿಗೆ ತಿಳಿಸಬೇಡ ಅಂದರೆ, ಅಲ್ಲಿಂದ ಎದ್ದು ಬನ್ನಿ. ನಂಬುವ ಇನ್ನೊಬ್ಬರಿಗೆ ತಕ್ಷಣ ಹೇಳಿ.

ಮುಂದಿನ ವಾರಕ್ಕೆ 1 ಅರಸುಗಳು 12:1-19. ಸೊಲೊಮೋನನ ಮಗ ಅರಸ ರೆಹಬ್ಬಾಮ ಹಿರಿಯರ ಮಾತು ಬಿಟ್ಟು ತನ್ನ ಜೊತೆ ಬೆಳೆದ ‘ಯೌವನಸ್ಥರ’ ಮಾತು ಕೇಳಿದ. ಅವನು ಪಟ್ಟಕ್ಕೆ ಬಂದಾಗ ಅವನಿಗೆ 41 ವರ್ಷ (14:21). ಹಾಗಾದರೆ ಅಲ್ಲಿ ‘ಯೌವನಸ್ಥರು’ ಅಂದರೆ ಯಾರು? ಯೋಚನೆ ಮಾಡಿಕೊಂಡು ಬನ್ನಿ. ಬರುವಾಗ ನಿಮ್ಮ ಕಟ್ಟಡದಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಮೂರನೇ ಮಹಡಿ, ಲಿಫ್ಟ್ ಸರಿಯಾಗಿದೆ.