ಕೊಡಗಿನ ವಿಧಾನಸಭೆ ಹೋದ ದಿನವೇ ದೆಹಲಿಯದೂ ಹೋಯಿತು

ಹಾಸನದಿಂದ ಕೊಡ್ಲಿಪೇಟೆಗೆ ಹೋಗುವ ಬಸ್ಸು ಜಿಲ್ಲೆಯ ಗಡಿ ದಾಟಿದ್ದು ಪ್ರಯಾಣಿಕರ ಗಮನಕ್ಕೆ ಬರುವುದೇ ಇಲ್ಲ. ಗದ್ದೆ, ತೋಟ, ಮಾತು ಎಲ್ಲವೂ ಗಡಿಯ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಆದರೆ 1956ರವರೆಗೆ ಅದು ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ಈಚೆಗೆ ‘ಬಿ’ ದರ್ಜೆಯ, ಅಂದರೆ ಹಿಂದೆ ಅರಸರ ಸಂಸ್ಥಾನವಾಗಿದ್ದ ಮೈಸೂರು ರಾಜ್ಯ, ಆಚೆಗೆ ‘ಸಿ’ ದರ್ಜೆಯ, ಅಂದರೆ ಕೇಂದ್ರದ ಹಿಡಿತ ಹೆಚ್ಚಿದ್ದ ಸಣ್ಣ ರಾಜ್ಯಗಳ ಸಾಲಿನ ಕೊಡಗು. ಆ ಪುಟ್ಟ ಕೊಡಗಿಗೆ 24 ಸದಸ್ಯರ ವಿಧಾನಸಭೆಯೂ ಸಿ.ಎಂ. ಪೂಣಚ್ಚ ಎಂಬ ಮುಖ್ಯಮಂತ್ರಿಯೂ ಇದ್ದರು. ಅದೇ ‘ಸಿ’ ದರ್ಜೆಯ ಪಟ್ಟಿಯಲ್ಲಿದ್ದ ದೆಹಲಿಗೆ 48 ಸದಸ್ಯರ ವಿಧಾನಸಭೆ ಇತ್ತು. 1952ರಲ್ಲಿ ಚೌಧರಿ ಬ್ರಹ್ಮ ಪ್ರಕಾಶ್ ಅಲ್ಲಿನ ಮೊದಲ ಮುಖ್ಯಮಂತ್ರಿಯಾದರು.

1956ರ ನವೆಂಬರ್ 1ರಂದು ಈ ಎರಡೂ ವಿಧಾನಸಭೆಗಳು ಇಲ್ಲವಾದವು. ನಾವು ರಾಜ್ಯೋತ್ಸವ ಆಚರಿಸುವ ದಿನ ಅದು. ಕೊಡಗು ತನ್ನ ಪ್ರತ್ಯೇಕ ರಾಜ್ಯವನ್ನು ಕಳೆದುಕೊಂಡಿತು, ಆ ನೋವಿನ ದನಿ ಅಲ್ಲಿ ಇಂದಿಗೂ ಪೂರ್ತಿ ಅಡಗಿಲ್ಲ. ಆದರೂ ಕೊಡಗಿನ ಮತದಾರರಿಗೆ ಮೈಸೂರು ವಿಧಾನಸಭೆಯಲ್ಲಿ ಜಾಗ ಸಿಕ್ಕಿತು. ದೆಹಲಿಯ ಮತದಾರರಿಗೆ ಲೋಕಸಭೆಯ ಮತ ಉಳಿಯಿತೇ ಹೊರತು, ಹೋದ ವಿಧಾನಸಭೆಯ ಬದಲಿಗೆ ಇನ್ನೊಂದು ಬರಲಿಲ್ಲ. ದೆಹಲಿಗೆ ಪೂರ್ಣ ರಾಜ್ಯದ ಸ್ಥಾನಮಾನ ಬೇಕೇ ಎಂಬ ಚರ್ಚೆಯನ್ನು ನಾವು ಇಬ್ಬರು ನಾಯಕರ ಜಗಳವೆಂಬಂತೆ ಟಿ.ವಿ.ಯಲ್ಲಿ ನೋಡುತ್ತ ಬಂದಿದ್ದೇವೆ. ಅದರ ಬೇರು ಇರುವುದು ಈ ಹಳೆಯ ನಷ್ಟದಲ್ಲಿ.

ಹಿಂದಿನ ಕಥೆ ಇನ್ನೂ ಹಳೆಯದು. 1911ರ ಡಿಸೆಂಬರ್‌ನ ದರ್ಬಾರಿನಲ್ಲಿ ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಿಸುವುದಾಗಿ ಘೋಷಿಸಿದ. ಮರುವರ್ಷ ದೆಹಲಿಯನ್ನು ಪಂಜಾಬಿನಿಂದ ಬೇರ್ಪಡಿಸಿ ಕೇಂದ್ರದ ಪರವಾಗಿ ಆಳುವ ಚೀಫ್ ಕಮಿಷನರ್ ಕೈಗೆ ಒಪ್ಪಿಸಲಾಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸಂವಿಧಾನ ಸಭೆ ನೇಮಿಸಿದ್ದ ಪಟ್ಟಾಭಿ ಸೀತಾರಾಮಯ್ಯ ಸಮಿತಿ, ಇಂಥ ಪ್ರಾಂತ್ಯಗಳಿಗೆ ಚುನಾಯಿತ ಶಾಸನಸಭೆ ಇರಬೇಕೆಂದು ಹೇಳಿತು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ, ದೇಶದ ರಾಜಧಾನಿಯನ್ನು ಸ್ಥಳೀಯ ಆಡಳಿತದ ಕೆಳಗಿಡುವುದು ಕಷ್ಟವೆಂದಿತು. ದೆಹಲಿಯ ಪ್ರತಿನಿಧಿ ದೇಶಬಂಧು ಗುಪ್ತ ಸಭೆಯಲ್ಲಿ ತಮ್ಮ ಜನರ ಪರ ವಾದಿಸಿದರು. ‘ಸಿ’ ದರ್ಜೆಯ ರಾಜ್ಯಗಳಿಗಾಗಿ ಬಂದ 1951ರ ಕಾಯ್ದೆ ದೆಹಲಿಗೆ ವಿಧಾನಸಭೆಯನ್ನು ಕೊಟ್ಟಿತಾದರೂ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ನಗರಸಭೆ, ರಾಜಧಾನಿಯ ಜಮೀನು ಇವುಗಳನ್ನೆಲ್ಲ ಅದರ ಕೈಯಿಂದ ಹೊರಗಿಟ್ಟಿತು. ಕೊಡಗಿನ ವಿಧಾನಸಭೆಗೆ ಇಷ್ಟು ಕಟ್ಟು ಇರಲಿಲ್ಲ.

ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ, ಒಂದೇ ಊರಿನ ಮೇಲೆ ಇಬ್ಬರ ಹಿಡಿತವಿದ್ದರೆ ಆಡಳಿತ ಕೆಡುತ್ತದೆ, ದೆಹಲಿಗೆ ಒಳ್ಳೆಯ ಮಹಾನಗರಪಾಲಿಕೆ ಸಾಕು ಎಂಬ ನಿಲುವಿಗೆ ಬಂತು. ಈ ಮಾತನ್ನು ಓದುವಾಗ ಆಯೋಗದ ಮುಂದಿದ್ದ ದೆಹಲಿ ಎಷ್ಟು ದೊಡ್ಡದಿತ್ತು ಎಂಬುದನ್ನು ನೆನಪಿಡಬೇಕು. 1951ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆ ಸುಮಾರು 17.4 ಲಕ್ಷ. 2011ರಲ್ಲಿ ನಮ್ಮ ಹಾಸನ ಜಿಲ್ಲೆಯೊಂದರ ಜನಸಂಖ್ಯೆಯೇ ಸುಮಾರು 17.8 ಲಕ್ಷ. ಅಂದರೆ ಇಂದಿನ ಹಾಸನ ಜಿಲ್ಲೆಯಷ್ಟು ಜನರಿಗೆ ಪಾಲಿಕೆ ಸಾಕೆಂದು ಆಯೋಗ ಲೆಕ್ಕ ಹಾಕಿತ್ತು. 2011ರ ಹೊತ್ತಿಗೆ ದೆಹಲಿಯ ಜನ 1.68 ಕೋಟಿ ಆಗಿದ್ದರು. ಈ ನಡುವೆ, 1987ರಲ್ಲಿ, ಗೋವಾ ಪೂರ್ಣ ರಾಜ್ಯವಾಯಿತು. 2011ರಲ್ಲಿಯೂ ಅದರ ಜನಸಂಖ್ಯೆ ಹಾಸನ ಜಿಲ್ಲೆಗಿಂತ ಕಡಿಮೆಯೇ ಇತ್ತು.

1966ರಲ್ಲಿ ದೆಹಲಿಗೆ ಮಹಾನಗರ ಪರಿಷತ್ತು ಬಂತು. ಅದು ಸಲಹೆ ಕೊಡಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಸರ್ಕಾರಿಯಾ ಹಾಗೂ ಅವರ ನಂತರ ಬಾಲಕೃಷ್ಣನ್ ಅಧ್ಯಕ್ಷರಾಗಿದ್ದ ಸಮಿತಿಯ ವರದಿಯ ಮೇಲೆ 1991ರಲ್ಲಿ ಸಂವಿಧಾನಕ್ಕೆ 69ನೇ ತಿದ್ದುಪಡಿ ಆಯಿತು, ದೆಹಲಿಗೆ ವಿಧಾನಸಭೆ ಕೊಡುವ 239ಎಎ ವಿಧಿ ಸೇರಿತು. 1993ರ ನವೆಂಬರ್‌ನಲ್ಲಿ 70 ಸದಸ್ಯರ ವಿಧಾನಸಭೆಗೆ ಚುನಾವಣೆ ನಡೆಯಿತು. ಅಷ್ಟರಲ್ಲಿ 37 ವರ್ಷ ಕಳೆದಿತ್ತು. ಆಗಲೂ ಪೊಲೀಸ್, ಸುವ್ಯವಸ್ಥೆ, ಜಮೀನು ಕೇಂದ್ರದ ಬಳಿಯೇ ಉಳಿದವು.

ಈ ಮೂರು ಬಾಬತ್ತು ಕೈಬಿಟ್ಟರೆ ಉಳಿಯುವುದೇನು ಎಂಬುದು ನಮ್ಮೂರಿನಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹಾಸನದ ಒಂದು ಬಡಾವಣೆಯಲ್ಲಿ ಸಂಜೆ ವಾಕಿಂಗ್ ಹೋದ ಹೆಂಗಸಿನ ಕತ್ತಿನ ಸರ ಕಿತ್ತುಕೊಂಡು ಹೋದರು ಎನ್ನಿ. ಮನೆಯವರು ಠಾಣೆಯಲ್ಲಿ ದೂರು ಕೊಡುತ್ತಾರೆ, ಕೆಲಸ ಆಗದಿದ್ದರೆ ಎಸ್‌ಪಿ ಕಚೇರಿಗೆ ಹೋಗುತ್ತಾರೆ, ಅಲ್ಲಿಯೂ ಆಗದಿದ್ದರೆ ಶಾಸಕರ ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಶಾಸಕರು ಅಧಿವೇಶನದಲ್ಲಿ ಪ್ರಶ್ನೆ ಹಾಕಿದರೆ ಗೃಹಸಚಿವರು ಎದ್ದು ಉತ್ತರ ಕೊಡಲೇಬೇಕು. ದೆಹಲಿಯ ಹೆಂಗಸಿಗೂ ಶಾಸಕರಿದ್ದಾರೆ, ಮುಖ್ಯಮಂತ್ರಿಯಿದ್ದಾರೆ. ಆದರೆ ಪೊಲೀಸರು ಅವರಿಬ್ಬರಿಗೂ ಉತ್ತರ ಹೇಳಬೇಕಾಗಿಲ್ಲ, ಅವರು ಕೇಂದ್ರ ಗೃಹಸಚಿವಾಲಯದ ಅಧೀನ. ಇಡೀ ದೇಶದ ಗೃಹಸಚಿವರು ಆ ಬೀದಿಯ ಸರಗಳ್ಳತನವನ್ನು ವಿಚಾರಿಸಬೇಕು. ಶಾಲೆ ಕಟ್ಟಲು ಅಲ್ಲಿನ ಸರ್ಕಾರದ ಬಳಿ ಹಣವಿದ್ದರೂ, ಜಾಗಕ್ಕಾಗಿ ಕೇಂದ್ರದ ಅಧೀನದಲ್ಲಿರುವ ದೆಹಲಿ ಅಭಿವೃದ್ಧಿ ಪ್ರಾಧಿಕಾರವನ್ನೇ ಕೇಳಬೇಕು.

2018ರ ಜುಲೈ 4ರಂದು ಸುಪ್ರೀಂ ಕೋರ್ಟ್, ಕಾಯ್ದಿರಿಸಿದ ವಿಷಯಗಳ ಹೊರತು ಉಳಿದುದರಲ್ಲಿ ದೆಹಲಿಯಲ್ಲಿ ಕೇಂದ್ರದ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಚುನಾಯಿತ ಸರ್ಕಾರದ ಸಲಹೆಯಂತೆ ನಡೆಯಬೇಕು ಎಂದಿತು. 2023ರ ಮೇ 11ರಂದು, ಅಧಿಕಾರಿಗಳ ವರ್ಗಾವಣೆಯೂ ಚುನಾಯಿತ ಸರ್ಕಾರದ ಅಧಿಕಾರವೇ ಎಂದಿತು. ಎಂಟೇ ದಿನಗಳಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದಿತು, ಆಗಸ್ಟ್‌ನಲ್ಲಿ ಅದು ಕಾಯ್ದೆಯಾಯಿತು. ಅದರಂತೆ ವರ್ಗಾವಣೆ ಶಿಫಾರಸು ಮಾಡುವ ಪ್ರಾಧಿಕಾರದಲ್ಲಿ ಮೂವರು: ಮುಖ್ಯಮಂತ್ರಿ, ಮುಖ್ಯ ಕಾರ್ಯದರ್ಶಿ, ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ. ತೀರ್ಮಾನ ಬಹುಮತದ್ದು, ಕೊನೆಯ ಮಾತು ಲೆಫ್ಟಿನೆಂಟ್ ಗವರ್ನರ್ ಅವರದು. ಜನ ಆರಿಸಿದ ಮುಖ್ಯಮಂತ್ರಿಯನ್ನು ಇಬ್ಬರು ಅಧಿಕಾರಿಗಳು ಸೇರಿ ಸೋಲಿಸಬಹುದಾದ ಈ ಏರ್ಪಾಟನ್ನು ಪ್ರಜಾಪ್ರಭುತ್ವವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೇಂದ್ರದ ಆತಂಕದಲ್ಲಿಯೂ ಹುರುಳಿದೆ. ಸಂಸತ್ತು, ರಾಷ್ಟ್ರಪತಿ ಭವನ, ವಿದೇಶಿ ರಾಯಭಾರ ಕಚೇರಿಗಳ ಕಾವಲು ಒಂದು ರಾಜ್ಯ ಸರ್ಕಾರದ ಮರ್ಜಿಯ ಮೇಲೆ ನಿಲ್ಲುವಂತಿಲ್ಲ. ಪೊಲೀಸರ ಖರ್ಚನ್ನು ಇಂದು ಕೇಂದ್ರ ಹೊರುತ್ತಿದೆ. ರಾಜ್ಯವಾದರೆ ಆ ಹೊರೆ ದೆಹಲಿಯ ಬೊಕ್ಕಸದ ಮೇಲೆ ಬೀಳುತ್ತದೆ, ರಾಜ್ಯ ಬೇಕೆನ್ನುವವರು ಇದಕ್ಕೆ ಲೆಕ್ಕ ಕೊಡಬೇಕು. ಆದರೆ ಸಂಸತ್ತು ಮತ್ತು ಸರ್ಕಾರದ ಮುಖ್ಯ ಕಚೇರಿಗಳಿರುವ ನವದೆಹಲಿ ನಗರಪಾಲಿಕೆ ಪ್ರದೇಶ 43 ಚದರ ಕಿ.ಮೀ.ಯಷ್ಟೂ ಇಲ್ಲ. ದೆಹಲಿಯ ಒಟ್ಟು ವಿಸ್ತೀರ್ಣ 1,483 ಚದರ ಕಿ.ಮೀ. ಆ ಸಣ್ಣ ತುಣುಕನ್ನು ಕೇಂದ್ರ ಇಟ್ಟುಕೊಂಡು, ಉಳಿದ ದೆಹಲಿಯನ್ನು ಅಲ್ಲಿನ ಜನರಿಗೆ ಬಿಡುವುದು ಅಸಾಧ್ಯವೇನಲ್ಲ.

ಇದು ನನ್ನ ಹೊಸ ಸಲಹೆಯೂ ಅಲ್ಲ. ವಾಜಪೇಯಿ ಸರ್ಕಾರದ ಗೃಹಸಚಿವರಾಗಿದ್ದ ಎಲ್.ಕೆ. ಅಡ್ವಾಣಿ 2003ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿ ನವದೆಹಲಿಯ ಆ ಪ್ರದೇಶವನ್ನು ಕೇಂದ್ರದ ಹಿಡಿತದಲ್ಲಿಟ್ಟು ದೆಹಲಿಗೆ ರಾಜ್ಯದ ಸ್ಥಾನ ಕೊಡುವ ಏರ್ಪಾಡಿತ್ತು. ಅದು ಪ್ರಣವ್ ಮುಖರ್ಜಿ ಅಧ್ಯಕ್ಷತೆಯ ಸ್ಥಾಯಿ ಸಮಿತಿಗೆ ಹೋಯಿತು, 2004ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಬಿಜೆಪಿ, ಕಾಂಗ್ರೆಸ್, ಆಮ್ ಆದ್ಮಿ ಮೂರೂ ಪಕ್ಷಗಳು ಒಂದಲ್ಲ ಒಂದು ಕಾಲದಲ್ಲಿ ಈ ಬೇಡಿಕೆಯನ್ನು ಎತ್ತಿಕೊಂಡಿವೆ. 2018ರ ಜೂನ್‌ನಲ್ಲಿ ದೆಹಲಿ ವಿಧಾನಸಭೆಯೇ ನಿರ್ಣಯ ಮಾಡಿತು. 2025ರ ಫೆಬ್ರುವರಿಯ ಚುನಾವಣೆಯಲ್ಲಿ 48 ಸ್ಥಾನ ಗೆದ್ದ ಬಿಜೆಪಿ ಈಗ ಕೇಂದ್ರದಲ್ಲಿಯೂ ದೆಹಲಿಯಲ್ಲಿಯೂ ಅಧಿಕಾರದಲ್ಲಿದೆ. ಎರಡು ಸರ್ಕಾರಗಳ ನಡುವೆ ಜಗಳವಿಲ್ಲದ ಇಂಥ ಹೊತ್ತಿನಲ್ಲಿಯೇ 2003ರ ಆ ಮಸೂದೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಸುಲಭ.